ಗಸ್ ಗಾರ್ಸಿಯಾಗೆ ಸಲ್ಲಬೇಕಾದ ಗೌರವ: ಆರು ಆಕ್ಷೇಪಗಳಿಗೆ ಉತ್ತರ

ಟೆಕ್ಸಾಸಿನ ವಕೀಲ ಗುಸ್ತಾವೊ (ಗಸ್) ಗಾರ್ಸಿಯಾ ಅವರಿಗೆ ಈಗ ಸಲ್ಲುತ್ತಿರುವ ಗೌರವ ಅತಿಯಾಯಿತು ಎನ್ನುವವರಿದ್ದಾರೆ. ಸ್ಯಾನ್ ಆಂಟೋನಿಯೊದಲ್ಲಿ ಅವರ ಹೆಸರಿನ ಶಾಲೆಯಿದೆ. ಅವರು ವಾದಿಸಿದ ಪ್ರಕರಣದ ಮೇಲೆ ಪುಸ್ತಕಗಳು ಬಂದಿವೆ, 2009ರಲ್ಲಿ ಅಮೆರಿಕದ ಸಾರ್ವಜನಿಕ ಟೆಲಿವಿಷನ್ ಸಾಕ್ಷ್ಯಚಿತ್ರವನ್ನೂ ಪ್ರಸಾರ ಮಾಡಿತು. ಇಷ್ಟು ಸಾಲದೆ ಎಂದು ಕೇಳುವವರಲ್ಲಿ ಗಂಭೀರ ಇತಿಹಾಸಕಾರರೂ ಇದ್ದಾರೆ, ಕಾನೂನು ಬಲ್ಲವರೂ ಇದ್ದಾರೆ, ಮೆಕ್ಸಿಕನ್-ಅಮೆರಿಕನ್ ಸಮುದಾಯದವರೇ ಆದವರೂ ಇದ್ದಾರೆ. ಅವರ ಮಾತಿನಲ್ಲಿ ಸತ್ಯಾಂಶವಿದೆ. ಆದ್ದರಿಂದಲೇ ಒಟ್ಟಾಗಿ ತಳ್ಳಿಹಾಕದೆ ಒಂದೊಂದನ್ನೂ ಎತ್ತಿಕೊಂಡು ಉತ್ತರಿಸಬೇಕು.

ಮೊದಲು ಪ್ರಕರಣದ ಸಂಗತಿ. 1951ರ ಆಗಸ್ಟ್‌ನಲ್ಲಿ ಟೆಕ್ಸಾಸಿನ ಜ್ಯಾಕ್ಸನ್ ಕೌಂಟಿಯ ಎಡ್ನಾ ಎಂಬ ಊರಲ್ಲಿ ಪೀಟ್ ಹೆರ್ನಾಂಡೆಸ್ ಎಂಬ ಕೃಷಿ ಕೂಲಿಕಾರ ಜಗಳದ ನಡುವೆ ಜೋ ಎಸ್ಪಿನೋಸಾ ಎಂಬಾತನನ್ನು ಗುಂಡಿಕ್ಕಿ ಕೊಂದ. ವಿಚಾರಣೆಗೆ ಕೂತ ಜ್ಯೂರಿಯಲ್ಲಿ ಮೆಕ್ಸಿಕನ್ ಮೂಲದವರು ಒಬ್ಬರೂ ಇರಲಿಲ್ಲ. ಹೆರ್ನಾಂಡೆಸ್‌ಗೆ ಜೀವಾವಧಿ ಶಿಕ್ಷೆಯಾಯಿತು. ಆ ಕೌಂಟಿಯ ಜನಸಂಖ್ಯೆಯಲ್ಲಿ ನೂರಕ್ಕೆ ಸುಮಾರು 14 ಮಂದಿ ಮೆಕ್ಸಿಕನ್ ಮೂಲದವರು. ಆದರೂ ಹಿಂದಿನ 25 ವರ್ಷಗಳಲ್ಲಿ ಜ್ಯೂರಿ ಕೆಲಸಕ್ಕೆ ಕರೆಸಿಕೊಂಡ ಸುಮಾರು 6,000 ಜನರಲ್ಲಿ ಅವರ ಪೈಕಿ ಒಬ್ಬರೂ ಇರಲಿಲ್ಲ. ಇದನ್ನು ಸರ್ಕಾರಿ ವಕೀಲರೂ ಅಲ್ಲಗಳೆಯಲಿಲ್ಲ. ಅವರ ಉತ್ತರ ಬೇರೆಯಾಗಿತ್ತು: ಮೆಕ್ಸಿಕನ್ನರು ಕಾನೂನಿನ ಪ್ರಕಾರ ಬಿಳಿಯರು, ಜ್ಯೂರಿಯಲ್ಲಿದ್ದವರೂ ಬಿಳಿಯರು, ಹಾಗಿರುವಾಗ ತಾರತಮ್ಯದ ಪ್ರಶ್ನೆಯೇ ಏಳುವುದಿಲ್ಲ. ಸಂವಿಧಾನದ ಹದಿನಾಲ್ಕನೇ ತಿದ್ದುಪಡಿ ಕೊಡುವ ಸಮಾನ ರಕ್ಷಣೆಗೆ ಗೊತ್ತಿರುವುದು ಬಿಳಿಯರು, ಕರಿಯರು ಎಂಬ ಎರಡೇ ವರ್ಗ ಎಂದು ಟೆಕ್ಸಾಸಿನ ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯವೂ ಹೇಳಿತು.

ಈ ವಾದವನ್ನು ಮುರಿಯಲು ಗಾರ್ಸಿಯಾ, ಕಾರ್ಲೊಸ್ ಕಡೇನಾ, ಜಾನ್ ಹೆರೆರಾ, ಜೇಮ್ಸ್ ಡಿಯಾಂಡಾ ಮುಂತಾದ ವಕೀಲರು ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟ್‌ವರೆಗೆ ಹೋದರು. 1954ರ ಜನವರಿ 11ರಂದು ಗಾರ್ಸಿಯಾ ಮತ್ತು ಕಡೇನಾ ಅಲ್ಲಿ ವಾದ ಮಂಡಿಸಿದರು. ಮೇ 3ರಂದು ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್ ಒಮ್ಮತದ ತೀರ್ಪು ಬರೆದು ಹೆರ್ನಾಂಡೆಸ್ ಶಿಕ್ಷೆಯನ್ನು ರದ್ದುಪಡಿಸಿದರು. ಗೌರವ ಸಲ್ಲುತ್ತಿರುವುದು ಈ ಕೆಲಸಕ್ಕೆ. ಇನ್ನು ಆಕ್ಷೇಪಗಳಿಗೆ ಬರೋಣ.

ಆಕ್ಷೇಪ ಒಂದು: ಅವರು ಉಳಿಸಲು ಹೊರಟಿದ್ದು ಒಬ್ಬ ಕೊಲೆಗಾರನನ್ನು

ಕೊಲೆ ನಡೆದದ್ದು ನಿಜ. ಸುಪ್ರೀಂ ಕೋರ್ಟಿನ ತೀರ್ಪಿನ ನಂತರವೂ ಹೆರ್ನಾಂಡೆಸ್ ತಪ್ಪಿತಸ್ಥನೆಂದೇ ತೀರ್ಮಾನವಾಗಿ ಮತ್ತೆ ಶಿಕ್ಷೆಯಾಯಿತು. ಹಾಗಾದರೆ ಇಷ್ಟೆಲ್ಲ ಹೋರಾಡಿ ಸಿಕ್ಕಿದ್ದೇನು ಎಂದು ಕೇಳುವವರು ಆ ಹೋರಾಟ ಏತಕ್ಕಾಗಿತ್ತು ಎಂಬುದನ್ನೇ ಮರೆಯುತ್ತಾರೆ. ಹೆರ್ನಾಂಡೆಸ್ ನಿರಪರಾಧಿ ಎಂದು ಸುಪ್ರೀಂ ಕೋರ್ಟಿನಲ್ಲಿ ಯಾರೂ ವಾದಿಸಲಿಲ್ಲ. ಅವನ ಅಪರಾಧವನ್ನು ತೀರ್ಮಾನಿಸುವ ಹಕ್ಕಿನಿಂದ ಅವನ ಜನರನ್ನೆಲ್ಲ ಹೊರಗಿಟ್ಟದ್ದು ಸರಿಯೇ ಎಂಬುದಷ್ಟೇ ಪ್ರಶ್ನೆ.

ಸತ್ತ ಎಸ್ಪಿನೋಸಾ ಕೂಡ ಮೆಕ್ಸಿಕನ್ ಮೂಲದವನೇ. ಕೊಂದವನು ಆ ಸಮುದಾಯದವನು, ಸತ್ತವನು ಆ ಸಮುದಾಯದವನು, ದುಃಖ ಅನುಭವಿಸಿದ್ದು ಆ ಸಮುದಾಯದ ಎರಡು ಮನೆಗಳು. ಆದರೆ ನ್ಯಾಯ ಏನೆಂದು ಹೇಳುವ ಹನ್ನೆರಡು ಕುರ್ಚಿಗಳಲ್ಲಿ ಒಂದೂ ಆ ಸಮುದಾಯಕ್ಕಿರಲಿಲ್ಲ. ಕಟಕಟೆಯಲ್ಲಿ ನಿಲ್ಲಲು ಅರ್ಹರಾದವರು ತೀರ್ಪು ಕೊಡಲು ಅನರ್ಹರು ಎಂಬುದು ಅವಮಾನ. ಆ ಅವಮಾನ ಹೆರ್ನಾಂಡೆಸ್‌ಗೆ ತಟ್ಟುವಷ್ಟೇ ಎಸ್ಪಿನೋಸಾಗೂ ತಟ್ಟುತ್ತದೆ. ಕಕ್ಷಿದಾರನ ಗುಣ ನೋಡಿ ಹಕ್ಕನ್ನು ಅಳೆಯಲು ಹೊರಟರೆ ಹಕ್ಕುಗಳು ಸಜ್ಜನರಿಗೆ ಕೊಡುವ ಬಹುಮಾನಗಳಾಗಿಬಿಡುತ್ತವೆ. ನ್ಯಾಯಯುತ ವಿಚಾರಣೆಯ ಹಕ್ಕಿಗೆ ಪರೀಕ್ಷೆ ಎದುರಾಗುವುದೇ ಊರೆಲ್ಲ ದೂರುವ ಆರೋಪಿಯ ವಿಷಯದಲ್ಲಿ.

ಆಕ್ಷೇಪ ಎರಡು: ಅದು ಬಿಳಿತನದೊಂದಿಗೆ ಮಾಡಿಕೊಂಡ ರಾಜಿ

ಆರರಲ್ಲಿ ಅತ್ಯಂತ ಭಾರವಾದ ಆಕ್ಷೇಪವಿದು. ಇತಿಹಾಸಕಾರ ನೀಲ್ ಫೋಲಿ ಅವರಂಥವರು ಇದನ್ನು ಆಧಾರಗಳೊಂದಿಗೆ ಮಂಡಿಸಿದ್ದಾರೆ. ಆ ಕಾಲದ ಮೆಕ್ಸಿಕನ್-ಅಮೆರಿಕನ್ ಮುಂದಾಳುಗಳು ತಾವೂ ಬಿಳಿಯರೇ ಎಂಬ ನೆಲೆಯಲ್ಲಿ ನಿಂತು ಹಕ್ಕು ಕೇಳಿದರು. ಕರಿಯರನ್ನು ಬೇರೆಯಾಗಿಡುವ ಕಾನೂನು ತಮಗೆ ಅನ್ವಯಿಸದು ಎಂದರೇ ಹೊರತು ಆ ಕಾನೂನೇ ಅನ್ಯಾಯ ಎಂದು ಹೇಳಲಿಲ್ಲ. ಕರಿಯರ ಹೋರಾಟಕ್ಕೆ ಹೆಗಲು ಕೊಡಬೇಕಾದವರು ಹೆಗಲು ತಪ್ಪಿಸಿಕೊಂಡರು. ಹೀಗೆ ಸಾಗುತ್ತದೆ ಈ ವಾದ.

ಇದರ ಮೊದಲ ಭಾಗವನ್ನು ಒಪ್ಪಲೇಬೇಕು. 1929ರಲ್ಲಿ ಕಾರ್ಪಸ್ ಕ್ರಿಸ್ಟಿಯಲ್ಲಿ ಹುಟ್ಟಿದ, ಮೆಕ್ಸಿಕನ್-ಅಮೆರಿಕನ್ನರ ಲುಲಾಕ್ ಸಂಘಟನೆ, ಅದರ ಜೊತೆಗಿದ್ದ ವಕೀಲರು ಬಹುಕಾಲ ಈ ದಾರಿ ಹಿಡಿದಿದ್ದರು. 1930ರ ಜನಗಣತಿ 'ಮೆಕ್ಸಿಕನ್' ಎಂಬುದನ್ನು ಪ್ರತ್ಯೇಕ ಜನಾಂಗವಾಗಿ ಎಣಿಸಿದಾಗ ಅವರು ಪ್ರತಿಭಟಿಸಿದರು, 1940ರ ಗಣತಿಯಲ್ಲಿ ಅದು ಹೋಯಿತು. ಈ ದಾರಿಯ ಕೆಡುಕು ಮುಂದೆ ಅವರ ಮಕ್ಕಳಿಗೇ ತಟ್ಟಿತು. 1970ರಲ್ಲಿ ಹೂಸ್ಟನ್ನಿನ ಶಾಲೆಗಳಲ್ಲಿ ಪ್ರತ್ಯೇಕತೆ ತೊಡೆಯುವ ಯೋಜನೆಯಲ್ಲಿ ಮೆಕ್ಸಿಕನ್-ಅಮೆರಿಕನ್ ಮಕ್ಕಳನ್ನು ಬಿಳಿಯರೆಂದು ಲೆಕ್ಕ ಹಿಡಿದು ಕರಿಯ ಮಕ್ಕಳ ಜೊತೆ ಸೇರಿಸಲಾಯಿತು, ಬಿಳಿಯರ ಶಾಲೆಗಳು ಬಹುಪಾಲು ಹಾಗೇ ಉಳಿದವು. ಆಗ ಆ ಸಮುದಾಯವೇ ಬೀದಿಗಿಳಿದು ಶಾಲೆ ಬಹಿಷ್ಕರಿಸಬೇಕಾಯಿತು.

ಆದರೆ ಈ ಆರೋಪವನ್ನು ಹೆರ್ನಾಂಡೆಸ್ ಪ್ರಕರಣದ ಮೇಲೆ ಇಡಿಯಾಗಿ ಹೊರಿಸುವವರು ಆ ಪ್ರಕರಣದಲ್ಲಿ ಬಿಳಿತನದ ವಾದವನ್ನು ಗುರಾಣಿಯಾಗಿ ಹಿಡಿದವರು ಯಾರು ಎಂದು ಕೇಳಿಕೊಳ್ಳಬೇಕು. ಹಿಡಿದದ್ದು ಟೆಕ್ಸಾಸ್ ರಾಜ್ಯ. ಗಾರ್ಸಿಯಾ ಮತ್ತು ಕಡೇನಾ ಮಾಡಿದ್ದು ಆ ಗುರಾಣಿಯನ್ನು ಒಡೆಯುವ ಕೆಲಸ. ಕಾಗದದಲ್ಲಿ ನೀವು ನಮ್ಮನ್ನು ಬಿಳಿಯರೆನ್ನುತ್ತೀರಿ, ಊರಿನಲ್ಲಿ ನಮ್ಮನ್ನು ಹೇಗೆ ನಡೆಸಿಕೊಳ್ಳುತ್ತೀರಿ ನೋಡಿ ಎಂಬುದೇ ಅವರ ವಾದದ ತಿರುಳು. ಅದಕ್ಕೆ ಅವರು ಒದಗಿಸಿದ ಸಾಕ್ಷ್ಯ ಎಡ್ನಾದ ದಿನನಿತ್ಯದ ಬದುಕು. ಮೆಕ್ಸಿಕನ್ನರಿಗೆ ಇಲ್ಲಿ ಊಟವಿಲ್ಲ ಎಂದು ಒಂದು ಹೋಟೆಲಿನಲ್ಲಿ ಬೋರ್ಡಿತ್ತು. ಅದಕ್ಕೆ ಸ್ವಲ್ಪ ಮುಂಚಿನವರೆಗೂ ಅವರ ಮಕ್ಕಳು ಮೊದಲ ನಾಲ್ಕು ತರಗತಿಗಳನ್ನು ಬೇರೆ ಶಾಲೆಯಲ್ಲಿ ಕಳೆಯಬೇಕಿತ್ತು. ವಿಚಾರಣೆ ನಡೆದ ಕೋರ್ಟಿನ ಆವರಣದಲ್ಲೇ ಗಂಡಸರಿಗೆ ಎರಡು ಶೌಚಾಲಯಗಳಿದ್ದವು. ಒಂದರ ಮೇಲೆ ಏನೂ ಬರೆದಿರಲಿಲ್ಲ. ಇನ್ನೊಂದರ ಮೇಲೆ ಕರಿಯ ಗಂಡಸರು ಎಂದು ಇಂಗ್ಲಿಷಿನಲ್ಲೂ ಗಂಡಸರಿಗೆ ಇಲ್ಲಿ ಎಂದು ಸ್ಪ್ಯಾನಿಷಿನಲ್ಲೂ ಬರೆದಿತ್ತು. ಯಾರು ಯಾರೊಂದಿಗೆ ನಿಲ್ಲಬೇಕೆಂದು ಆ ಊರು ನಿರ್ಧರಿಸಿಯಾಗಿತ್ತು. ವಕೀಲರು ಅದನ್ನು ದಾಖಲೆಗೆ ತಂದರು.

ವಾರನ್ ತೀರ್ಪು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸಂವಿಧಾನದ ರಕ್ಷಣೆ ಬಿಳಿ-ಕಪ್ಪು ಎಂಬ ಎರಡು ವರ್ಗಗಳಿಗೆ ಸೀಮಿತವಲ್ಲ, ಸಮಾಜದ ಪೂರ್ವಗ್ರಹಗಳು ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ, ಯಾವ ಗುಂಪಿನ ಮೇಲೆ ಅವು ಬಿದ್ದರೂ ಕಾನೂನು ಅದನ್ನು ಕಾಯಬೇಕು ಎಂಬ ತತ್ವವನ್ನು ಅದು ಹೇಳಿತು. ಒಂದು ಜನರನ್ನು ಬಿಳಿಯರ ಸಾಲಿಗೆ ಸೇರಿಸುವುದರಿಂದ ಸಿಗುವ ಫಲ ಇದಲ್ಲ. ಬಣ್ಣದ ಲೆಕ್ಕವನ್ನೇ ಮೀರಿದ ಫಲ ಇದು.

ಕನ್ನಡಿಗರಿಗೆ ಈ ಸಂಗತಿಯೊಂದಿಗೆ ನೇರ ಸಂಬಂಧವಿದೆ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ ಪೌರತ್ವ ಕೇಳಿದಾಗ ಅದೇ ಸುಪ್ರೀಂ ಕೋರ್ಟ್, ಸಾಮಾನ್ಯ ಜನರ ತಿಳಿವಳಿಕೆಯಲ್ಲಿ ಭಾರತೀಯರು ಬಿಳಿಯರಲ್ಲ ಎಂದು ಹೇಳಿ ಬಾಗಿಲು ಮುಚ್ಚಿತ್ತು. ಭಾರತೀಯರಿಗೆ ಹಕ್ಕು ನಿರಾಕರಿಸಲು ಬಿಳಿಯರಲ್ಲ ಎಂದ ವ್ಯವಸ್ಥೆಯೇ ಮೆಕ್ಸಿಕನ್ನರಿಗೆ ಹಕ್ಕು ನಿರಾಕರಿಸಲು ಬಿಳಿಯರು ಎಂದಿತು. ಬಣ್ಣದ ಹೆಸರು ಅಧಿಕಾರದ ಅನುಕೂಲಕ್ಕೆ ತಕ್ಕಂತೆ ತಿರುಗುತ್ತಿತ್ತು. ಇಂದು ಹೂಸ್ಟನ್, ಡಲ್ಲಾಸ್, ಆಸ್ಟಿನ್‌ಗಳಲ್ಲಿ ನೆಲೆಸಿರುವ ಕನ್ನಡಿಗರು ಬಿಳಿಯರೂ ಅಲ್ಲ, ಕರಿಯರೂ ಅಲ್ಲ. ಸಂವಿಧಾನದ ಸಮಾನ ರಕ್ಷಣೆ ಅವರಿಗೂ ಉಂಟು ಎಂಬ ಮಾತಿಗೆ 1954ರ ಈ ತೀರ್ಪು ಒಂದು ಗಟ್ಟಿ ಆಧಾರ.

ಆಕ್ಷೇಪ ಮೂರು: ಬ್ರೌನ್ ತೀರ್ಪು ಇರುವಾಗ ಇದು ಅಡಿಟಿಪ್ಪಣಿ

ಶಾಲೆಗಳಲ್ಲಿ ವರ್ಣಭೇದ ಅಸಾಂವಿಧಾನಿಕ ಎಂದ ಬ್ರೌನ್ ತೀರ್ಪು ಬಂದದ್ದು 1954ರ ಮೇ 17ರಂದು, ಹೆರ್ನಾಂಡೆಸ್ ತೀರ್ಪಿನ ಎರಡು ವಾರಗಳ ನಂತರ. ಅದನ್ನು ಬರೆದವರೂ ಅರ್ಲ್ ವಾರನ್ನರೇ. ಬ್ರೌನ್ ಮಹತ್ವದ ಮುಂದೆ ಹೆರ್ನಾಂಡೆಸ್ ಪತ್ರಿಕೆಗಳಲ್ಲೂ ಪಠ್ಯಪುಸ್ತಕಗಳಲ್ಲೂ ಮರೆಯಾಯಿತು. ಮರೆಯಾದದ್ದನ್ನೇ ಅದು ಚಿಕ್ಕದೆಂಬುದಕ್ಕೆ ಪುರಾವೆಯಾಗಿ ತೋರಿಸುವುದು ತರ್ಕವಾಗದು.

ಬ್ರೌನ್ ಪ್ರಕರಣದಲ್ಲಿ ಕರಿಯ ಮಕ್ಕಳು ಸಂವಿಧಾನದ ರಕ್ಷಣೆಗೆ ಒಳಪಟ್ಟವರೇ ಎಂಬ ಸಂದೇಹವಿರಲಿಲ್ಲ, ಬೇರೆ ಶಾಲೆ ಎಂದರೆ ಸಮಾನತೆಯೇ ಎಂಬುದಷ್ಟೇ ಪ್ರಶ್ನೆಯಾಗಿತ್ತು. ಮೆಕ್ಸಿಕನ್-ಅಮೆರಿಕನ್ನರಿಗೆ ಅದಕ್ಕೂ ಹಿಂದಿನ ಪ್ರಶ್ನೆ ಉಳಿದಿತ್ತು: ಅನ್ಯಾಯವಾದರೆ ಅದನ್ನು ಅನ್ಯಾಯವೆಂದು ದೂರಲು ಒಂದು ಸಮುದಾಯವಾಗಿ ನಮ್ಮನ್ನು ಕಾನೂನು ಗುರುತಿಸುತ್ತದೆಯೇ? ಟೆಕ್ಸಾಸಿನ ನ್ಯಾಯಾಲಯ ಇಲ್ಲ ಎಂದಿತ್ತು. ಆ ಉತ್ತರ ಹಾಗೇ ನಿಂತಿದ್ದರೆ ಬ್ರೌನ್ ತೀರ್ಪಿನಿಂದ ಅವರಿಗೆ ನೇರವಾಗಿ ಏನೂ ದಕ್ಕುತ್ತಿರಲಿಲ್ಲ.

ನಂತರದ ನ್ಯಾಯಾಲಯಗಳು ಇದನ್ನು ಅಡಿಟಿಪ್ಪಣಿಯೆಂದು ಭಾವಿಸಲಿಲ್ಲ. ಡೆನ್ವರ್ ಶಾಲೆಗಳ ಕುರಿತ 1973ರ ಕೀಸ್ ತೀರ್ಪಿನಲ್ಲಿ, ಹಿಡಾಲ್ಗೊ ಕೌಂಟಿಯ ಗ್ರ್ಯಾಂಡ್ ಜ್ಯೂರಿ ಕುರಿತ 1977ರ ಕಾಸ್ಟನೇಡಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೆರ್ನಾಂಡೆಸ್ ಪ್ರಕರಣವನ್ನೇ ಆಧಾರವಾಗಿ ಹಿಡಿಯಿತು.

ಆಕ್ಷೇಪ ನಾಲ್ಕು: ತೀರ್ಪುಗಳು ಕಾಗದದಲ್ಲೇ ಉಳಿದವು

ಗಾರ್ಸಿಯಾ ಮುಂದೆ ನಿಂತು ನಡೆಸಿದ ಇನ್ನೊಂದು ದೊಡ್ಡ ಪ್ರಕರಣ ಡೆಲ್ಗಾಡೊ. ಬ್ಯಾಸ್ಟ್ರಾಪ್ ಮತ್ತು ಸುತ್ತಲಿನ ಶಾಲಾ ಆಡಳಿತಗಳು ಮೆಕ್ಸಿಕನ್ ಮೂಲದ ಮಕ್ಕಳನ್ನು ಬೇರೆ ಶಾಲೆಗೆ ಕಳಿಸುತ್ತಿದ್ದುದರ ವಿರುದ್ಧ 1948ರಲ್ಲಿ ಮಿನರ್ವಾ ಡೆಲ್ಗಾಡೊ ಮತ್ತಿತರ ಮಕ್ಕಳ ಪರವಾಗಿ ಅವರ ಮನೆಯವರು ಹೂಡಿದ ದಾವೆ ಅದು. ಅದೇ ವರ್ಷದ ಜೂನ್ 15ರಂದು ನ್ಯಾಯಾಧೀಶ ಬೆನ್ ರೈಸ್ ಈ ಪ್ರತ್ಯೇಕತೆ ಕಾನೂನುಬಾಹಿರ ಎಂದು ಆದೇಶಿಸಿದರು. ಆದರೆ ಒಂದು ಕಿಂಡಿ ಉಳಿಯಿತು. ಇಂಗ್ಲಿಷ್ ಬಾರದ ಮಕ್ಕಳನ್ನು ಪರೀಕ್ಷಿಸಿ, ಒಂದನೇ ತರಗತಿಯ ಮಟ್ಟಿಗೆ, ಅದೇ ಶಾಲೆಯ ಆವರಣದಲ್ಲಿ ಬೇರೆ ಕೋಣೆಯಲ್ಲಿ ಕೂರಿಸಬಹುದೆಂದು ಆದೇಶ ಹೇಳಿತು. ಹಲವು ಶಾಲಾ ಆಡಳಿತಗಳು ಆ ಕಿಂಡಿಯಿಂದಲೇ ಹಳೆಯ ಪದ್ಧತಿಯನ್ನು ಒಳಗೆ ತಂದವು. ಡ್ರಿಸ್ಕಲ್ ಎಂಬಲ್ಲಿ ಮೆಕ್ಸಿಕನ್ ಮೂಲದ ಮಕ್ಕಳು ಮೊದಲ ಎರಡು ತರಗತಿಗಳನ್ನೇ ನಾಲ್ಕು ವರ್ಷ ಓದಬೇಕಾಗಿ ಬಂತು. ಇದನ್ನು ತೋರಿಸಿ, ಕೋರ್ಟುಗಳಿಂದ ಏನೂ ಆಗಲಿಲ್ಲ, ಆದದ್ದೆಲ್ಲ ನಂತರದ ಬೀದಿ ಹೋರಾಟಗಳಿಂದ ಎನ್ನುತ್ತಾರೆ.

ಬೀದಿ ಹೋರಾಟದ ಬೆಲೆಯನ್ನು ಯಾರೂ ಕಡಿಮೆ ಮಾಡುತ್ತಿಲ್ಲ. ಆದರೆ ಡ್ರಿಸ್ಕಲ್ ಶಾಲೆಯ ಆ ಪದ್ಧತಿಯನ್ನು 1957ರಲ್ಲಿ ಮುರಿದದ್ದು ಮತ್ತೊಂದು ದಾವೆ. ಅದನ್ನು ನಡೆಸಿದ್ದು ಹೆರ್ನಾಂಡೆಸ್ ಪ್ರಕರಣದಲ್ಲಿ ಕೆಲಸ ಮಾಡಿದ್ದ ಡಿಯಾಂಡಾ. 1970ರಲ್ಲಿ ಕಾರ್ಪಸ್ ಕ್ರಿಸ್ಟಿಯ ಸಿಸ್ನೆರೋಸ್ ಪ್ರಕರಣದಲ್ಲಿ ಮೆಕ್ಸಿಕನ್-ಅಮೆರಿಕನ್ನರು ಗುರುತಿಸಬಹುದಾದ ಅಲ್ಪಸಂಖ್ಯಾತರು, ಬ್ರೌನ್ ತೀರ್ಪಿನ ರಕ್ಷಣೆ ಅವರಿಗೂ ಇದೆ ಎಂದು ಹೇಳಿಸಿದವರೂ ಅವರೇ. ಒಂದು ತೀರ್ಪು ತಪ್ಪಿಸಿಕೊಳ್ಳುವವರಿಗೆ ದಾರಿ ಬಿಟ್ಟಾಗ ಮುಂದಿನ ದಾವೆ ಆ ದಾರಿಯನ್ನು ಮುಚ್ಚಿತು. ತೀರ್ಪನ್ನು ಪಾಲಿಸದ ಆಡಳಿತದ ಅಪರಾಧವನ್ನು ತೀರ್ಪು ತಂದುಕೊಟ್ಟ ವಕೀಲರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಇದಕ್ಕೂ ಮುಂಚೆ ಸೋಲುಗಳಿದ್ದವು ಎಂಬುದನ್ನೂ ನೆನೆಯಬೇಕು. ಡೆಲ್ ರಿಯೊದ ಸಾಲ್ವಾಟಿಯೆರಾ ಪ್ರಕರಣ 1930ರಲ್ಲಿ ಟೆಕ್ಸಾಸಿನ ಮೇಲ್ಮನವಿ ನ್ಯಾಯಾಲಯದಲ್ಲಿ ಸೋತಿತು. ಹೆರ್ನಾಂಡೆಸ್ ಪ್ರಕರಣಕ್ಕೆ ಸ್ವಲ್ಪ ಮುಂಚೆ ಹೆರೆರಾ ಮತ್ತು ಡಿಯಾಂಡಾ ಫೋರ್ಟ್ ಬೆಂಡ್ ಕೌಂಟಿಯ ಮತ್ತೊಂದು ಕೊಲೆ ಮೊಕದ್ದಮೆಯಲ್ಲಿ ಜ್ಯೂರಿಯ ಇದೇ ಪ್ರಶ್ನೆ ಎತ್ತಿ ಸೋತಿದ್ದರು. ಸೋತ ವಾದವನ್ನೇ ಇನ್ನಷ್ಟು ಸಾಕ್ಷ್ಯ ಕೂಡಿಸಿ ಮತ್ತೆ ಎತ್ತುವುದಕ್ಕೆ ಛಲ ಬೇಕು.

ಆಕ್ಷೇಪ ಐದು: ನಿಜವಾದ ಕೆಲಸ ಇತರರದ್ದು, ಹೆಸರು ಮಾತ್ರ ಗಾರ್ಸಿಯಾರದ್ದು

ಇದರ ಅರ್ಧ ಭಾಗ ಸರಿ. ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಲಿಖಿತ ವಾದದ ಬೆನ್ನೆಲುಬು ಕಡೇನಾ. ಸೇಂಟ್ ಮೇರೀಸ್ ವಿಶ್ವವಿದ್ಯಾಲಯದಲ್ಲಿ ಕಾನೂನು ಕಲಿಸುತ್ತಿದ್ದ ಅವರ ವಿದ್ವತ್ತನ್ನು ಗಾರ್ಸಿಯಾರೇ ಮೆಚ್ಚಿಕೊಂಡಿದ್ದರು. ಮುಂದೆ ಕಡೇನಾ ಸ್ಯಾನ್ ಆಂಟೋನಿಯೊದ ಮೇಲ್ಮನವಿ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಯಾದರು, ಡಿಯಾಂಡಾ ಫೆಡರಲ್ ನ್ಯಾಯಾಧೀಶರಾದರು. ಕೆಳ ನ್ಯಾಯಾಲಯದಲ್ಲಿ ವಿಚಾರಣೆ ನಡೆಯುವಾಗ ಈ ವಕೀಲರಿಗೆ ಎಡ್ನಾದಲ್ಲಿ ರಾತ್ರಿ ತಂಗುವುದು ಕ್ಷೇಮವೆನಿಸಲಿಲ್ಲ, ಕತ್ತಲಾಗುವ ಮೊದಲು ಅವರು ಊರು ಬಿಡುತ್ತಿದ್ದರು. ಖರ್ಚಿಗೆ ಲುಲಾಕ್ ಮತ್ತು ಮಾಜಿ ಸೈನಿಕರ ಅಮೆರಿಕನ್ ಜಿಐ ಫೋರಂ ಸಂಘಟನೆಗಳ ಜೊತೆ ಸಾಮಾನ್ಯ ದುಡಿಮೆಗಾರರೂ ಕೈಲಾದಷ್ಟು ಡಾಲರು ಹಾಕಿದರು. ಇವರೆಲ್ಲರ ಹೆಸರೂ ಹೇಳಬೇಕು.

ಆದರೆ ಇವರ ಹೆಸರು ಹೇಳಲು ಗಾರ್ಸಿಯಾರ ಹೆಸರು ಅಳಿಸಬೇಕಿಲ್ಲ. ಡೆಲ್ಗಾಡೊ ದಾವೆಯ ಮುಂಚೂಣಿಯಲ್ಲಿ ಅವರಿದ್ದರು. ಯುದ್ಧದಲ್ಲಿ ಮಡಿದ ಸೈನಿಕ ಫೀಲಿಕ್ಸ್ ಲಾಂಗೋರಿಯಾ ಅವರ ಅಂತಿಮ ದರ್ಶನಕ್ಕೆ 1949ರಲ್ಲಿ ತ್ರೀ ರಿವರ್ಸ್ ಊರಿನ ಶವಸಂಸ್ಕಾರ ಗೃಹ ಜಾಗ ನಿರಾಕರಿಸಿದಾಗ, ಆ ಕುಟುಂಬದ ಬೆಂಬಲಕ್ಕೆ ನಿಂತ ಜಿಐ ಫೋರಂನ ಕಾನೂನು ಸಲಹೆಗಾರರು ಅವರೇ. ಲಾಂಗೋರಿಯಾ ಕೊನೆಗೆ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಸೇನಾ ಗೌರವದೊಂದಿಗೆ ಮಣ್ಣಾದರು. ಸುಪ್ರೀಂ ಕೋರ್ಟಿನಲ್ಲಿ ಗಾರ್ಸಿಯಾರ ವಾದಕ್ಕೆ ಗೊತ್ತುಪಡಿಸಿದ ವೇಳೆ ಮುಗಿದ ಮೇಲೂ ವಾರನ್ 16 ನಿಮಿಷ ಹೆಚ್ಚು ಕೊಟ್ಟರೆಂದು ಅಂದಿನವರು ಹೇಳಿದ್ದು ದಾಖಲಾಗಿದೆ. ಬರೆದ ವಾದಕ್ಕೆ ನ್ಯಾಯಪೀಠದೆದುರು ಪ್ರಾಣ ತುಂಬುವುದೂ ವಕೀಲಿಕೆಯೇ. ಕಡೇನಾರಿಗೆ ಸಲ್ಲಬೇಕಾದದ್ದು ಸಲ್ಲಲಿ, ಆ ಬಾಕಿಯನ್ನು ಗಾರ್ಸಿಯಾರ ಪಾಲಿನಿಂದ ಕಳೆಯುವುದು ಬೇಡ.

ಆಕ್ಷೇಪ ಆರು: ಕುಡಿತದಿಂದ ಹಾಳಾದವರನ್ನು ಮಕ್ಕಳಿಗೆ ಆದರ್ಶವೆಂದು ತೋರಿಸಬಾರದು

ಶಾಲೆಗೆ ಹೆಸರಿಡುವ ಮಾತು ಬಂದಾಗಲೆಲ್ಲ ಏಳುವ ಆಕ್ಷೇಪವಿದು. ಸಂಗತಿಗಳನ್ನು ಮುಚ್ಚಿಡಬೇಕಿಲ್ಲ. 1915ರಲ್ಲಿ ಲರೇಡೊದಲ್ಲಿ ಹುಟ್ಟಿ, ಸ್ಯಾನ್ ಆಂಟೋನಿಯೊದ ಥಾಮಸ್ ಜೆಫರ್ಸನ್ ಹೈಸ್ಕೂಲಿನಲ್ಲಿ ಮೊದಲಿಗರಾಗಿ, ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಚರ್ಚಾಪಟುವಾಗಿ ಹೆಸರು ಮಾಡಿ 1938ರಲ್ಲಿ ಕಾನೂನು ಪದವಿ ಪಡೆದ ಗಾರ್ಸಿಯಾ, ತಮ್ಮ ದೊಡ್ಡ ಗೆಲುವಿನ ನಂತರದ ವರ್ಷಗಳಲ್ಲಿ ಮದ್ಯವ್ಯಸನಕ್ಕೆ ಸಿಕ್ಕಿ ನರಳಿದರು. ಆಸ್ಪತ್ರೆ ಸೇರಿದರು. 1961ರಲ್ಲಿ ವಕೀಲಿಕೆಯ ಪರವಾನಗಿ ಅಮಾನತಾಯಿತು. 1964ರ ಜೂನ್ 3ರಂದು ಸ್ಯಾನ್ ಆಂಟೋನಿಯೊದಲ್ಲಿ ತೀರಿಕೊಂಡಾಗ ಅವರಿಗೆ 48 ವರ್ಷ.

ಈ ಬದುಕನ್ನು ಮಕ್ಕಳಿಂದ ಮರೆಮಾಡಿದರೆ ಎರಡು ತಪ್ಪಾಗುತ್ತದೆ. ಮೊದಲನೆಯದು, ಇತಿಹಾಸ ಸುಳ್ಳಾಗುತ್ತದೆ. ಎರಡನೆಯದು, ದೊಡ್ಡ ಕೆಲಸ ಮಾಡುವವರು ಕಳಂಕವಿಲ್ಲದವರೇ ಆಗಿರಬೇಕೆಂಬ ನಂಬಿಕೆ ಮಕ್ಕಳಲ್ಲಿ ಬೇರೂರುತ್ತದೆ. ಆ ನಂಬಿಕೆ ಹೊತ್ತ ಮಗು ತನ್ನ ಮನೆಯಲ್ಲೊಬ್ಬರು ವ್ಯಸನಕ್ಕೆ ಬಿದ್ದಾಗ ಅವರು ಮಾಡಿದ ಒಳ್ಳೆಯದನ್ನೆಲ್ಲ ಮರೆಯಬೇಕೆಂದು ಕಲಿಯುತ್ತದೆ. ವ್ಯಸನ ಕಾಯಿಲೆ, ಅದಕ್ಕೆ ಚಿಕಿತ್ಸೆ ಬೇಕು ಎಂಬ ಮಾತನ್ನು ಗಾರ್ಸಿಯಾರ ಬದುಕಿನ ಜೊತೆಗೇ ಹೇಳಿಕೊಡಬಹುದು. ಪ್ರತಿಭೆ ಇದ್ದವರನ್ನೂ ಅದು ಬಿಡುವುದಿಲ್ಲ ಎಂಬ ಎಚ್ಚರಿಕೆ ಕೂಡ ಪಾಠವೇ.

ಸಾರ್ವಜನಿಕ ಗೌರವ ಎಂಬುದು ನಡತೆಯ ಪ್ರಮಾಣಪತ್ರವಲ್ಲ. ಒಬ್ಬರು ಸಮಾಜಕ್ಕೆ ಏನು ಮಾಡಿಕೊಟ್ಟರು ಎಂಬುದರ ಲೆಕ್ಕ ಅದು. ಆ ಲೆಕ್ಕದಲ್ಲಿ ಗಾರ್ಸಿಯಾರ ಹೆಸರಿಗೆ ಬರುವುದು ಸಣ್ಣದಲ್ಲ. ತಮ್ಮ ಊರಿನ ಕೋರ್ಟಿನಲ್ಲಿ ಜ್ಯೂರಿಯಾಗಿ ಕೂರುವ ಹಕ್ಕು ಟೆಕ್ಸಾಸಿನ ಮೆಕ್ಸಿಕನ್ ಮೂಲದ ನಾಗರಿಕರಿಗೆ ಕಾನೂನಿನಲ್ಲಿ ಗಟ್ಟಿಯಾದದ್ದು ಈ ಪ್ರಕರಣದಿಂದ. ಅವರು ಕೇಳಿದ್ದು ಜನಸಂಖ್ಯೆಗೆ ತಕ್ಕಷ್ಟು ಪಾಲಲ್ಲ ಎಂಬುದನ್ನು ವಾರನ್ ತೀರ್ಪೇ ಗುರುತಿಸಿದೆ. ಅರ್ಹರಾದವರನ್ನು ಮೂಲದ ಕಾರಣಕ್ಕೆ ಹೊರಗಿಡಬೇಡಿ ಎಂದಷ್ಟೇ ಕೇಳಿದರು. ಇಷ್ಟು ಮಿತವಾದ ಬೇಡಿಕೆ ಈಡೇರಲು ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಬೇಕಾಯಿತು ಎಂಬುದೇ ಅಂದಿನ ಟೆಕ್ಸಾಸ್ ಹೇಗಿತ್ತೆಂದು ಹೇಳುತ್ತದೆ.

ಆರು ಆಕ್ಷೇಪಗಳಲ್ಲಿ ಎರಡರಿಂದ ಕಲಿಯಬೇಕಾದದ್ದಿದೆ. ಗೌರವವನ್ನು ಕಡೇನಾ, ಹೆರೆರಾ, ಡಿಯಾಂಡಾ ಮತ್ತು ಬ್ಯಾಸ್ಟ್ರಾಪಿನ ಪೋಷಕರ ಜೊತೆ ಹಂಚಬೇಕು. ಬಿಳಿತನದ ವಾದಕ್ಕೆ ಆ ತಲೆಮಾರು ತೆತ್ತ ಬೆಲೆಯನ್ನೂ, ಕರಿಯರಿಂದ ಕಾಯ್ದುಕೊಂಡ ಅಂತರವನ್ನೂ ಪಾಠದಲ್ಲಿ ಸೇರಿಸಬೇಕು. ಇವೆರಡನ್ನೂ ಒಪ್ಪಿದ ಮೇಲೆ ಗಾರ್ಸಿಯಾರ ಗೌರವ ಕುಗ್ಗುವುದಿಲ್ಲ, ಇನ್ನಷ್ಟು ನಿಜವಾಗುತ್ತದೆ. ಆದ್ದರಿಂದ ಆಕ್ಷೇಪಿಸುವವರಲ್ಲಿ ಒಂದೇ ಕೋರಿಕೆ: ಫಲಕದಿಂದ ಹೆಸರು ತೆಗೆಯಲು ಹೊರಡಬೇಡಿ, ಪೂರ್ಣ ಕಥೆಯನ್ನು ಕಲಿಸಲು ಜೊತೆಗೂಡಿ. 1954ರ ಮೇ 17ರ ತೀರ್ಪನ್ನು ಹೇಳಿಕೊಡುವ ಪ್ರತಿ ತರಗತಿಯಲ್ಲೂ ಮೇ 3ರ ತೀರ್ಪನ್ನೂ ಹೇಳಿಕೊಡಿ, ಅದನ್ನು ಗೆದ್ದು ತಂದವರ ಹೆಸರುಗಳನ್ನೂ ಹೇಳಿ.